ತುಘಲಕ್‌ನ ತಾಮ್ರದ ನಾಣ್ಯ, ಅಜೀಜನ ಲಾಭ

ಬನಶಂಕರಿಯಲ್ಲೋ ಬಿಟಿಎಂ ಲೇಔಟ್‌ನಲ್ಲೋ ಹೊಸದಾಗಿ ಟಾರು ಹಾಕಿದ ರಸ್ತೆಯನ್ನ ಮಾರನೇ ವಾರವೇ ಪೈಪ್ ಹಾಕೋಕೆ ಅಗೆದ್ರು ಅಂದ್ಕೊಳ್ಳಿ. ನಮ್ಮ ಬಾಯಿಗೆ ಬರೋ ಮಾತು ಒಂದೇ: 'ಇದೇನ್ರೀ, ತುಘಲಕ್ ದರ್ಬಾರು!' ಕನ್ನಡದಲ್ಲಿ ತುಘಲಕ್ ಅಂದ್ರೆ ತಲೆಕೆಟ್ಟ ತೀರ್ಮಾನ ಅಂತಲೇ ಅರ್ಥ ಆಗ್ಬಿಟ್ಟಿದೆ.

ಆದ್ರೆ ಅದೇ ಸುಲ್ತಾನನ ಮೇಲೆ ಕನ್ನಡದಲ್ಲಿ ಒಂದು ನಾಟಕ ಇದೆ. ಅದು ಅವನನ್ನ ಹುಚ್ಚ ಅಂತ ಪಕ್ಕಕ್ಕೆ ತಳ್ಳಲ್ಲ. ಗಿರೀಶ್ ಕಾರ್ನಾಡರ 'ತುಘಲಕ್', ಪ್ರಕಟವಾಗಿದ್ದು 1964ರಲ್ಲಿ. ಆಗ ಅವರಿಗೆ 26 ವರ್ಷ, ಹೆಚ್ಚುಕಮ್ಮಿ ಇದನ್ನ ಕೇಳ್ತಿರೋ ನಿಮ್ಮ ವಯಸ್ಸು. ಮುಂದೆ ಅವರು ನಮ್ಮ ಜೆ.ಪಿ. ನಗರದಲ್ಲೇ ಮನೆ ಮಾಡಿದ್ರು, 2019ರ ಜೂನ್ 10ರಂದು ತೀರಿಕೊಂಡಿದ್ದೂ ಬೆಂಗಳೂರಲ್ಲೇ. ಬೆಂಗಳೂರಿನ ಹಳೇ ಪ್ರೇಕ್ಷಕರನ್ನ ಕೇಳಿ ನೋಡಿ, ತುಘಲಕ್ ಅಂದ ತಕ್ಷಣ ಅವರಿಗೆ ಸಿ.ಆರ್. ಸಿಂಹ ಅವರ ದನಿ ನೆನಪಾಗುತ್ತೆ.

ಮೊದಲು ಇತಿಹಾಸ. ಮುಹಮ್ಮದ್ ಬಿನ್ ತುಘಲಕ್ ದೆಹಲಿಯನ್ನ ಆಳಿದ್ದು 1325ರಿಂದ 1351ರವರೆಗೆ. ಗಣಿತ, ತರ್ಕ, ವೈದ್ಯ, ಕಾವ್ಯ ಎಲ್ಲಾ ಓದಿಕೊಂಡವನು. ಅವನು ಮಾಡಿದ ಎರಡು ಕೆಲಸ ಎಲ್ಲರಿಗೂ ಗೊತ್ತು: ರಾಜಧಾನಿಯನ್ನ ದೆಹಲಿಯಿಂದ ದೌಲತಾಬಾದಿಗೆ ಸಾಗಿಸಿದ್ದು, ಬೆಳ್ಳಿ ಟಂಕದ ಬೆಲೆಗೆ ತಾಮ್ರದ ನಾಣ್ಯ ತಂದಿದ್ದು.

ನಾನು ಬಿಕಾಂ ಓದಿದವನು, ಹಾಗಾಗಿ ಆ ನಾಣ್ಯದ ಹತ್ರ ಸ್ವಲ್ಪ ನಿಲ್ತೀನಿ. ಜಯನಗರ 4ನೇ ಬ್ಲಾಕಲ್ಲಿ ಎಳನೀರು ಕುಡಿದು 500 ರೂಪಾಯಿ ನೋಟು ಕೊಡ್ತೀರಿ. ಅದು ಬರೀ ಕಾಗದ. ಅಂಗಡಿಯವರು ಯಾಕೆ ತಗೋತಾರೆ? ಅದರ ಮೇಲೆ ರಿಸರ್ವ್ ಬ್ಯಾಂಕ್ ಗವರ್ನರ್ ಬರೆದುಕೊಟ್ಟಿರೋ ವಚನ ಇದೆ, ಮುಂದಿನವರೂ ಅದನ್ನ ತಗೋತಾರೆ ಅನ್ನೋ ಭರವಸೆ ಇದೆ. ತುಘಲಕ್ ಹೊರಟಿದ್ದೂ ಇದೇ ದಾರಿಯಲ್ಲಿ. ಚೀನಾದಲ್ಲಿ ಕುಬ್ಲಾಯ್ ಖಾನ್ ಆಗಲೇ ಕಾಗದದ ಹಣ ಓಡಿಸಿದ್ದ. ಅಂದ್ರೆ ಐಡಿಯಾ ಹುಚ್ಚಲ್ಲ. ಆದ್ರೆ ಖೋಟಾ ನಾಣ್ಯ ತಡೆಯೋ ವ್ಯವಸ್ಥೆ ಇರ್ಲಿಲ್ಲ. ಮನೆಮನೆಯೂ ಟಂಕಸಾಲೆ ಆಯ್ತು ಅಂತ ಆ ಕಾಲದ ಇತಿಹಾಸಕಾರ ಬರನಿ ಬರೀತಾನೆ. ಕೊನೆಗೆ ಸುಲ್ತಾನ ತಾಮ್ರ ವಾಪಸ್ ತಗೊಂಡು ಖಜಾನೆಯಿಂದ ಚಿನ್ನ, ಬೆಳ್ಳಿ ಕೊಡಬೇಕಾಯ್ತು. ಅದರಲ್ಲಿ ಅಸಲಿ ಎಷ್ಟು, ಖೋಟಾ ಎಷ್ಟು?

ಕಾರ್ನಾಡರು ಹಿಡಿದಿದ್ದು ಈ ಎಳೆಯನ್ನೇ. ನನ್ನ ಪ್ರಕಾರ ಈ ನಾಟಕದ ದೊಡ್ಡ ವಿಷಯ ನಂಬಿಕೆ. ನಾಟಕ ಶುರುವಾಗೋದು 1327ರಲ್ಲಿ, ದೆಹಲಿಯಲ್ಲಿ. ಸುಲ್ತಾನ ಒಂದು ಅದ್ಭುತ ಕೆಲಸ ಮಾಡಿದ್ದಾನೆ: ತನ್ನ ಮೇಲೆ ಯಾರು ಬೇಕಾದ್ರೂ ದಾವೆ ಹಾಕಬಹುದು ಅಂದಿದ್ದಾನೆ. ವಿಷ್ಣುಪ್ರಸಾದ ಅನ್ನೋ ಬ್ರಾಹ್ಮಣ ದಾವೆ ಹಾಕಿ ಗೆದ್ದೂ ಬಿಡ್ತಾನೆ. ಅವನಿಗೆ ಪರಿಹಾರ ಸಿಗುತ್ತೆ, ಸರ್ಕಾರಿ ಕೆಲಸಾನೂ ಸಿಗುತ್ತೆ. ಜನ ಬೆರಗಾಗ್ತಾರೆ. ಆಮೇಲೆ ನಮಗೆ ಗೊತ್ತಾಗುತ್ತೆ, ಆ ಬ್ರಾಹ್ಮಣ ಅಸಲಿಗೆ ಅಜೀಜ್ ಅನ್ನೋ ಅಗಸ. ಹಿಂದಿನ ತಾರೀಖು ಹಾಕಿದ ಕರಾರು ಮಾಡಿಕೊಂಡು ಬಂದವನು!

ಇಲ್ಲಿಂದ ಇಡೀ ನಾಟಕ ಇವರಿಬ್ಬರ ಜೋಡಿ ಓಟ. ಸುಲ್ತಾನ ಒಂದೊಂದು ಯೋಜನೆ ತರ್ತಾನೆ, ಅಜೀಜ್ ಅದರಲ್ಲಿ ಲಾಭ ಹುಡುಕ್ತಾನೆ. ರಾಜಧಾನಿ ಬದಲಾಯಿಸೋದಕ್ಕೆ ಸುಲ್ತಾನ ಕೊಡೋ ಕಾರಣ ಹಿಂದೂ ಮುಸ್ಲಿಂ ಒಗ್ಗಟ್ಟು. ದಾರಿಯಲ್ಲಿ ಅಧಿಕಾರಿ ವೇಷದ ಅಜೀಜ್ ಲಂಚ ಕೇಳ್ತಾ ಕೂತಿರ್ತಾನೆ. ಕಾಯಿಲೆ ಮಗುವನ್ನ ವೈದ್ಯರ ಹತ್ರ ಕರ್ಕೊಂಡು ಹೋಗ್ಬೇಕು ಅಂತ ಬೇಡೋ ತಾಯಿಯನ್ನೂ ಅವನು ದುಡ್ಡಿಲ್ಲದೆ ಬಿಡಲ್ಲ. ನಾಣ್ಯ ಬಂದಾಗ ನಾಣ್ಯವನ್ನೂ ಖೋಟಾ ಮಾಡ್ತಾನೆ. ಸುಲ್ತಾನ ಆಸೆಯಿಂದ ಬೆಳೆಸಿದ ಗುಲಾಬಿ ತೋಟ ಇದೆಯಲ್ಲ, ಕೊನೆಗೆ ಅಲ್ಲಿ ಖೋಟಾ ನಾಣ್ಯದ ರಾಶಿ ಬೀಳುತ್ತೆ.

ಪ್ರಾರ್ಥನೆಯ ಕಥೆ ಇನ್ನೂ ಕರಾಳ. ಅಮೀರರು ನಮಾಜಿನ ಹೊತ್ತಲ್ಲೇ ಸುಲ್ತಾನನನ್ನ ಕೊಲ್ಲೋ ಸಂಚು ಮಾಡ್ತಾರೆ. ಅದು ಬಯಲಾದ ಮೇಲೆ ಸುಲ್ತಾನ ರಾಜ್ಯದಲ್ಲಿ ಪ್ರಾರ್ಥನೆಯನ್ನೇ ನಿಷೇಧಿಸ್ತಾನೆ. ವರ್ಷಗಳ ನಂತರ ಖಲೀಫರ ವಂಶದ ಅತಿಥಿ ಬರ್ತಾನೆ, ಅವನ ಹೆಸರಲ್ಲಿ ಮತ್ತೆ ಪ್ರಾರ್ಥನೆ ಶುರು ಮಾಡೋಣ ಅಂತ ತೀರ್ಮಾನ ಆಗುತ್ತೆ. ಬರೋನು ಯಾರು ಗೊತ್ತಾ? ನಿಜವಾದ ಅತಿಥಿಯನ್ನ ದಾರಿಯಲ್ಲೇ ಕೊಂದು ಅವನ ಬಟ್ಟೆ ತೊಟ್ಟ ಅಜೀಜ್! ನ್ಯಾಯ, ನಾಣ್ಯ, ಪ್ರಾರ್ಥನೆ, ಮೂರೂ ಖೋಟಾ ಆದ್ವು.

ಹಾಗಾದ್ರೆ ಇದು ರುದ್ರನಾಟಕ ಹೇಗೆ? ಕೆಟ್ಟವನು ಕೆಟ್ಟರೆ ನಮಗೇನೂ ಅನ್ಸಲ್ಲ. ದೊಡ್ಡ ಕನಸಿರೋ ಮನುಷ್ಯ ತನ್ನ ಗುಣದಿಂದಲೇ ಹಾಳಾಗೋದನ್ನ ನೋಡುವಾಗ ಎದೆ ಭಾರ ಆಗುತ್ತೆ. ಈ ಸುಲ್ತಾನ ಚದುರಂಗ ಪ್ರಿಯ. ಜನರನ್ನೂ ಕಾಯಿ ಅಂದ್ಕೊಂಡೇ ನಡೆಸ್ತಾನೆ. ತನ್ನನ್ನ ನಂಬಿ ಅಂತ ಎಲ್ಲರನ್ನೂ ಕೇಳ್ತಾನೆ, ತಾನು ಮಾತ್ರ ಯಾರನ್ನೂ ನಂಬಲ್ಲ. ತನ್ನನ್ನ ಟೀಕಿಸಿದ ಷೇಖ್ ಇಮಾಮುದ್ದೀನರನ್ನ ಉಪಾಯದಿಂದ ಸಾಯಿಸ್ತಾನೆ. ಪ್ರೀತಿಸೋ ಮಲತಾಯಿಗೂ ಮರಣದಂಡನೆ ಕೊಡ್ತಾನೆ. ಎಲ್ಲಾ ಮುಗಿದ ಮೇಲೆ ಉಳಿಯೋನು ಅಜೀಜ್ ಒಬ್ಬನೇ. ಸಿಕ್ಕಿಬಿದ್ದ ಅವನನ್ನ ಸುಲ್ತಾನ ಕ್ಷಮಿಸಿ, ದಖ್ಖನ್ನಿಗೆ ಅಧಿಕಾರಿಯಾಗಿ ಕಳಿಸ್ತಾನೆ. ಯಾಕಂದ್ರೆ ಅವನ ಆಟವನ್ನ ಪೂರ್ತಿ ಅರ್ಥ ಮಾಡ್ಕೊಂಡವನು ಈ ಮೋಸಗಾರ ಮಾತ್ರ.

ನಾಟಕದಲ್ಲಿ ಇಲ್ಲದ ಒಂದು ಕಥೆ ನಮ್ಮ ನೆಲದಲ್ಲಿದೆ. ನಾಟಕ ಶುರುವಾಗೋ ಹೊತ್ತಿಗೇ, 1327ರ ಆಸುಪಾಸು, ಈಗಿನ ಯಾದಗಿರಿ ಜಿಲ್ಲೆಯ ಸಗರದಲ್ಲಿದ್ದ ಸುಲ್ತಾನನ ಬಂಧು ಬಹಾವುದ್ದೀನ್ ಗುರ್ಶಾಸ್ಪ್ ಬಂಡೆದ್ದ. ಸೋತು ಕಂಪಿಲಿಯ ಅರಸ ಕಂಪಿಲರಾಯನ ಆಶ್ರಯಕ್ಕೆ ಬಂದ. ಕಂಪಿಲರಾಯ ನಮ್ಮ ಕುಮಾರರಾಮನ ತಂದೆ. ಶರಣು ಬಂದವನನ್ನ ಒಪ್ಪಿಸೋದಿಲ್ಲ ಅಂತ ದೆಹಲಿ ಸೈನ್ಯದ ಎದುರು ಹೋರಾಡಿ ಸತ್ತ. ಗುರ್ಶಾಸ್ಪ್ ದ್ವಾರಸಮುದ್ರಕ್ಕೆ ಓಡಿದಾಗ ಹೊಯ್ಸಳ ಮೂರನೇ ಬಲ್ಲಾಳ ಅವನನ್ನ ಸುಲ್ತಾನನಿಗೆ ಒಪ್ಪಿಸಿಬಿಟ್ಟ. ಕಂಪಿಲಿ ರಾಜ್ಯ ಅಳಿದುಹೋಯ್ತು. ಆದ್ರೆ ಕುಮಾರರಾಮನ ಕಥೆಯನ್ನ ನಮ್ಮ ಜನ ಶತಮಾನಗಳ ಕಾಲ ಹಾಡಿಕೊಂಡು ಬಂದ್ರು. ಆ ನೆಲದಲ್ಲೇ 1336ರಲ್ಲಿ ವಿಜಯನಗರ ಎದ್ದಿತು, 1347ರಲ್ಲಿ ಬಹಮನಿಗಳೂ ದೆಹಲಿಯಿಂದ ಬೇರೆಯಾದ್ರು. ಸುಲ್ತಾನ ಇನ್ನೂ ಬದುಕಿದ್ದಾಗಲೇ ದಕ್ಷಿಣ ಅವನ ಕೈತಪ್ಪಿತ್ತು.

ನಾಟಕ ಬಂದ 1964ರಲ್ಲೇ ನೆಹರೂ ತೀರಿಕೊಂಡ್ರು. ಸ್ವಾತಂತ್ರ್ಯದ ಕನಸು ಮಾಸಿದ ಆ ಕಾಲದ ಕಥೆ ಅಂತ ತುಂಬಾ ಜನ ಇದನ್ನ ಓದಿದ್ರು. ಆಮೇಲೆ ಬಂದ ಪ್ರತಿ ತಲೆಮಾರೂ ತನ್ನ ಕಾಲದ ಸುಲ್ತಾನನನ್ನ ಇದರಲ್ಲಿ ಹುಡುಕಿಕೊಂಡಿದೆ. ಯಾರು ಅಂತ ನಾನು ಹೇಳಲ್ಲ, ಅದು ನಿಮಗೆ ಬಿಟ್ಟಿದ್ದು.

ನನಗೆ ಮಾತ್ರ ಅಜೀಜನದ್ದೇ ಚಿಂತೆ. 'ತುಘಲಕ್ ದರ್ಬಾರು' ಅಂತ ನಕ್ಕು ಮುಂದೆ ಹೋದ್ರೆ ತಪ್ಪೆಲ್ಲ ಮೇಲೆ ಕೂತವನ ತಲೆಗೆ ಕಟ್ಟಿ ನಾವು ಹಗುರ ಆಗ್ತೀವಿ. ಆದ್ರೆ ಮನೆಯಲ್ಲಿ ಕೂತು ಖೋಟಾ ನಾಣ್ಯ ಹೊಡೆದವರು ಸುಲ್ತಾನರಲ್ಲ, ನಮ್ಮ ನಿಮ್ಮಂಥವರು. ಮುಂದಿನ ಸಲ ಯಾವುದಾದ್ರೂ ಒಳ್ಳೇ ಯೋಜನೆ ಮುಗ್ಗರಿಸಿದಾಗ ಎರಡು ಪ್ರಶ್ನೆ ಕೇಳ್ಕೊಳ್ಳಿ: ಇದನ್ನ ತಂದವರು ಜನರನ್ನ ನಂಬಿದ್ರಾ? ನಡುವೆ ಇದರಲ್ಲಿ ಲಾಭ ಮಾಡ್ಕೊಂಡವರು ಯಾರು?

ನಾಟಕದಲ್ಲಿ 13 ದೃಶ್ಯಗಳಿವೆ, ಒಂದು ಭಾನುವಾರಕ್ಕೆ ಓದಿ ಮುಗಿಯುತ್ತೆ. ಯಾವುದಾದ್ರೂ ತಂಡ ಇದನ್ನ ಆಡ್ತಿದ್ರೆ ಹೋಗಿ ನೋಡಿ. ಜೆ.ಪಿ. ನಗರದ ರಂಗಶಂಕರದಲ್ಲಾದ್ರೆ ಮಾತ್ರ ಟೈಮಿಗೆ ಸರಿಯಾಗಿ ಹೋಗಿ, ತಡವಾದ್ರೆ ಒಳಗೆ ಬಿಡಲ್ಲ. ಸುಲ್ತಾನ ಬಂದ್ರೂ ಅಷ್ಟೇ!