ಏಳರಿಂದ ಒಂದಕ್ಕೆ: ಮಕ್ಕಳು ವಿನ್ಯಾಸ ಕಲಿತ ಕಥೆ (ಭಾಗ 6)

ಈ ಸಲದ ಪೋಸ್ಟಲ್ಲಿ ಯುದ್ಧ ಇಲ್ಲ, ದರ್ಬಾರ್ ಇಲ್ಲ. ಮೊದಲನೇ ಫೋಟೋದಲ್ಲಿರೋದು ಬರೀ ಚುಕ್ಕಿಗಳು. ಎಣಿಸಿ ನೋಡಿ. ನಡುವಿನ ಸಾಲಲ್ಲಿ 7. ಅದರ ಮೇಲೆ 6, ಕೆಳಗೂ 6. ಆಮೇಲೆ 5, 4... ಎರಡೂ ಕಡೆ 1ಕ್ಕೆ ಬಂದು ನಿಲ್ಲುತ್ತೆ. ರಂಗೋಲಿ ಹಾಕೋರು ಇದನ್ನ ‘ಏಳರಿಂದ ಒಂದು, ಮಧ್ಯ ಚುಕ್ಕಿ’ ಅಂತಾರೆ. ಒಟ್ಟು 49. ಅಂದ್ರೆ ಏಳೇಳ್ಲಿ ನಲವತ್ತೊಂಬತ್ತು! ಯಾಕೆ ಅಂತ ಬೇಕಾದ್ರೆ ಫೋನನ್ನ ಓರೆ ಮಾಡಿ ಹಿಡೀರಿ. ಅದು ಏಳೇಳರ ಚೌಕಾನೇ, ಮೂಲೆ ಮೇಲೆ ನಿಂತಿದೆ ಅಷ್ಟೆ.

ಆರೇಳು ವರ್ಷದ ಹುಡುಗಿ ಅಮ್ಮನ ಪಕ್ಕ ಕುಕ್ಕರಗಾಲಲ್ಲಿ ಕೂತು ಕಲೀತಿದ್ದದ್ದು ಇದನ್ನೇ. ಆದ್ರೆ ಇದನ್ನ ‘ಲೆಕ್ಕ’ ಅಂತ ಯಾರೂ ಕರೀಲಿಲ್ಲ. ಯಾಕೆ ಅನ್ನೋದೇ ಇವತ್ತಿನ ವಿಷಯ.

ಮೊದಲು, ಪುಟ್ಟ ಮಕ್ಕಳು ವಿನ್ಯಾಸ ಹಿಡಿಯೋದು ಹೇಗೆ ಅಂತ ನೋಡೋಣ. ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲಿಗೆ ಹೋಗಿದ್ದೀರಲ್ಲ? ಎರಡು ಮಲ್ಲಿಗೆ, ಒಂದು ಕನಕಾಂಬರ, ಮತ್ತೆ ಎರಡು ಮಲ್ಲಿಗೆ, ಒಂದು ಕನಕಾಂಬರ. ಸಣ್ಣ ಮಗು ಮೊದಲು ಇದನ್ನ ಪಕ್ಕದಲ್ಲಿಟ್ಟುಕೊಂಡು ಹಾಗೇ ನಕಲು ಮಾಡುತ್ತೆ. ಆಮೇಲೆ ಮಾಲೆ ಎಲ್ಲಿಗೆ ನಿಂತಿದೆಯೋ ಅಲ್ಲಿಂದ ಮುಂದುವರಿಸುತ್ತೆ. ಕಷ್ಟದ್ದು ಇದರ ನಂತರದ ಹೆಜ್ಜೆ. ಹೂವು ತೆಗೆದು ಬಳೆಚೂರು ಕೊಟ್ರೂ ‘ಎರಡು-ಒಂದು’ ಅನ್ನೋ ತುಂಡನ್ನೇ ಕಟ್ಟಬೇಕು. ಆಗ ಮಗುವಿಗೆ ಕಾಣ್ತಿರೋದು ಹೂವಲ್ಲ, ನಿಯಮ.

ಕಾಗುಣಿತ ನೆನಪಿಸಿಕೊಳ್ಳಿ. ಕ ಕಾ ಕಿ ಕೀ ಬಾಯಿಪಾಠ ಆದಮೇಲೆ ಗ ಗಾ ಗಿ ಗೀ ಯಾರೂ ಪೂರ್ತಿ ಹೇಳಿಕೊಡಬೇಕಾಗಿರಲಿಲ್ಲ, ನೀವೇ ಹೇಳಿಬಿಟ್ರಿ. ನಿಯಮ ಒಂದು ಅಕ್ಷರದಿಂದ ಇನ್ನೊಂದಕ್ಕೆ ನೆಗೆದದ್ದು ಆಗಲೇ. ‘ವು’ ಬರೆಯುವಾಗ ಮಾತ್ರ ಎಡವಟ್ಟು. ಕು, ಗು ಥರ ಪಕ್ಕದಲ್ಲೇ ಕೊಂಬು ಕೊಟ್ರೆ ಅದು ‘ಮ’ ಆಗಿಬಿಡುತ್ತೆ. ಹಾಗೆ ಬರೆಯೋ ಮಗು ದಡ್ಡ ಅಲ್ಲ ಕಣ್ರೀ, ವಿನ್ಯಾಸವನ್ನ ನಂಬಿರೋ ಮಗು ಅದು!

ನಮ್ಮ ನಾಡಲ್ಲಿ ಸಂಖ್ಯೆಯಲ್ಲೂ ಮಾಲೆ ಕಟ್ಟಿದೋರಿದ್ದಾರೆ. ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ್ರು. ಗುಣಾಕಾರದ ಭಾಗದಲ್ಲಿ ಅವರು ಕೊಡೋ ಕೆಲವು ಲೆಕ್ಕಗಳ ಉತ್ತರಕ್ಕೆ ಕಂಠಾಭರಣ, ಅಂದ್ರೆ ಕೊರಳ ಹಾರ ಅನ್ನೋ ಹೆಸರು. 139 × 109 ಮಾಡಿ: 15151. ಎಡದಿಂದ ಓದಿದ್ರೂ ಬಲದಿಂದ ಓದಿದ್ರೂ ಅದೇ. 27994681 × 441 ಮಾಡಿ: 12345654321. (ಕ್ಯಾಲ್ಕುಲೇಟರಲ್ಲಿ ಪರೀಕ್ಷೆ ಮಾಡಿದೆ. ಬಿಕಾಂನವರು ಇಷ್ಟಾದ್ರೂ ಮಾಡದಿದ್ರೆ ಹೇಗೆ!) ಈ ಪುಸ್ತಕದ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಬಂತು. ಅನುವಾದ ಮಾಡಿದ್ದು ನಮ್ಮ ಮೈಸೂರು ವಿಶ್ವವಿದ್ಯಾನಿಲಯದ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮ.

ಈಗ ಶಾಲೆಗೆ ಬರೋಣ. 1822ರಲ್ಲಿ ಮದ್ರಾಸ್ ಗವರ್ನರ್ ಥಾಮಸ್ ಮನ್ರೋ ಎಲ್ಲ ಜಿಲ್ಲೆಗಳಿಂದ ಶಾಲೆಗಳ ಲೆಕ್ಕ ಕೇಳಿದ್ರು. 1823ರಲ್ಲಿ ಬಳ್ಳಾರಿ ಕಲೆಕ್ಟರ್ ಕ್ಯಾಂಪ್‌ಬೆಲ್ ಕಳಿಸಿದ ವರದಿಯಲ್ಲಿ 533 ಶಾಲೆಗಳಿವೆ, ಅದರಲ್ಲಿ 235 ಕನ್ನಡದ್ದು. ಮಗು ಶಾಲೆಗೆ ಬಂದ ತಕ್ಷಣ ಮಾಡೋ ಕೆಲಸ, ನೆಲದ ಮೇಲೆ ಹರಡಿದ ಮರಳಲ್ಲಿ ಬೆರಳಿಂದ ಅಕ್ಷರ ತಿದ್ದೋದು. ಮುಂದಿರೋ ಮಕ್ಕಳು ಹಿಂದಿರೋ ಮಕ್ಕಳಿಗೆ ಹೇಳಿಕೊಡ್ತಿದ್ರು. ಮಗ್ಗಿಯಂತೂ ಒಟ್ಟಿಗೆ ಕೂಗಿ ಹೇಳೋದೇ. ಒಂಬತ್ತರ ಮಗ್ಗಿ ಹೇಳ್ತಾ ಹೇಳ್ತಾ 18, 27, 36ರಲ್ಲಿ ಒಂದು ಅಂಕಿ ಏರುತ್ತೆ, ಇನ್ನೊಂದು ಇಳಿಯುತ್ತೆ ಅನ್ನೋದನ್ನ ಕಿವೀನೇ ಕಂಡುಹಿಡಿಯುತ್ತೆ. ಇದೇ ಥರದ ಮರಳಿನ ಪಾಠವನ್ನ ಮದ್ರಾಸಲ್ಲಿ ನೋಡಿದ್ದ ಆಂಡ್ರ್ಯೂ ಬೆಲ್ 1797ರಲ್ಲೇ ಇಂಗ್ಲೆಂಡಲ್ಲಿ ಅದರ ಬಗ್ಗೆ ಪುಸ್ತಕ ಹೊರತಂದಿದ್ರು. ಅಲ್ಲಿ ಅದಕ್ಕೆ ‘ಮದ್ರಾಸ್ ಪದ್ಧತಿ’ ಅಂತಾನೇ ಹೆಸರು ಬಿತ್ತು.

ಹೆಮ್ಮೆ ಪಡೋ ಮುಂಚೆ ಅದೇ ವರದಿಯ ಇನ್ನೊಂದು ಲೆಕ್ಕ ಓದಿ. ಒಟ್ಟು ವಿದ್ಯಾರ್ಥಿಗಳು 6,641. ಅದರಲ್ಲಿ ಹುಡುಗಿಯರು 60.

ಅರವತ್ತು! ನೂರಕ್ಕೆ ಒಬ್ಬಳೂ ಇಲ್ಲ.

ಉಳಿದ ಹುಡುಗಿಯರು ಏನೂ ಕಲೀತಿರಲಿಲ್ವಾ? ಅವರ ಮರಳು ಹೊಸ್ತಿಲಾಚೆ ಇತ್ತು. ಸಾರಿಸಿದ ನೆಲ, ಚಿಟಿಕೆ ಪುಡಿ, ಅಮ್ಮನೋ ಅಕ್ಕನೋ ಮೇಷ್ಟ್ರು. ಕಲಿಕೆಯ ಹೆಜ್ಜೆಗಳೂ ಅವೇ ನೋಡಿ. ಮೊದಲು ಅಮ್ಮ ಇಟ್ಟ ಚುಕ್ಕಿ ಸೇರಿಸೋದು, ಅಂದ್ರೆ ನಕಲು. ಆಮೇಲೆ ಅರ್ಧ ಅಮ್ಮ ಎಳೆದು ಬಿಟ್ಟಿದ್ದನ್ನ ಇನ್ನರ್ಧ ಮಗಳು ಮುಗಿಸೋದು. ಇದು ಮುಂದುವರಿಸೋದು ಮಾತ್ರ ಅಲ್ಲ, ಕನ್ನಡಿಯ ಹಾಗೆ ತಿರುಗಿಸಿ ಯೋಚಿಸೋದೂ ಹೌದು. ಕೊನೆಗೆ, ಐದು ಚುಕ್ಕಿಗೆ ಗೊತ್ತಿರೋ ರಂಗೋಲಿಯನ್ನ ಹಬ್ಬದ ದಿನ ಅಂಗಳಕ್ಕೆ ತಕ್ಕ ಹಾಗೆ ಒಂಬತ್ತಕ್ಕೆ ಬೆಳೆಸೋದು. ಬೆಳೆಸಬೇಕಾದ್ರೆ ಚಿತ್ರ ನೆನಪಿದ್ರೆ ಸಾಲದು, ನಿಯಮ ಗೊತ್ತಿರಬೇಕು. ಚುಕ್ಕಿಗಳ ಸುತ್ತ ಬಳಸಿಕೊಂಡು ಹೋಗೋ ಎಳೆ ರಂಗೋಲಿ ಇನ್ನೂ ಕಷ್ಟ. ಎಲ್ಲೋ ಒಂದು ಚುಕ್ಕಿ ಹತ್ರ ತಿರುವು ತಪ್ಪಿದ್ರೆ ಎಳೆ ಹೊರಟ ಜಾಗಕ್ಕೆ ವಾಪಸ್ ಬರಲ್ಲ.

ಇಲ್ಲಿ ಒಬ್ಬ ರಾಜರು ಬರಲೇಬೇಕು, ಕ್ಷಮಿಸಿ. ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯನ್ನ 64 ಮನೆಗೂ ಒಂದೊಂದೇ ಸಲ ನಡೆಸೋ ವಿನ್ಯಾಸಗಳನ್ನ ರಚಿಸಿದ್ರು. ಅದರ ಕೀರ್ತಿ ಯುರೋಪಿನ ಪುಸ್ತಕಗಳವರೆಗೂ ಹೋಯ್ತು, ಹೋಗಬೇಕಾದ್ದೇ. ಆದ್ರೆ ಅದೇ ಊರಿನ ಬೀದಿಗಳಲ್ಲಿ 49 ಚುಕ್ಕಿ ಸುತ್ತಿ ಬಂದ ಎಳೆ? ಮಾರನೇ ಬೆಳಿಗ್ಗೆ ಪೊರಕೆಗೆ. ಹೆಸರೂ ಇಲ್ಲ, ವರ್ಷವೂ ಇಲ್ಲ. ಮೈಸೂರಲ್ಲಿ ಮಹಾರಾಣಿ ಹೆಣ್ಣುಮಕ್ಕಳ ಶಾಲೆ ಶುರುವಾಗಿದ್ದು 1881ರಲ್ಲಿ.

ರಂಗೋಲಿ ‘ಗಣಿತ’ ಅಂತ ಅಚ್ಚಾಗಿ ಬರೋಕೆ 1974 ಬೇಕಾಯ್ತು. ಮದ್ರಾಸಿನ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ, ಕಮಲಾ ಕೃತಿವಾಸನ್ ಸೇರಿ, ತಮಿಳಿನಲ್ಲಿ ಕೋಲಂ ಅನ್ನೋ ಈ ಕಲೆ ಸಣ್ಣದರಿಂದ ದೊಡ್ಡದಕ್ಕೆ ಬೆಳೆಯೋ ನಿಯಮವನ್ನ ಕಂಪ್ಯೂಟರ್ ವಿಜ್ಞಾನದ ವ್ಯಾಕರಣವಾಗಿ ಬರೆದು ಪ್ರಕಟಿಸಿದ್ರು. ಮೂವರಲ್ಲಿ ಇಬ್ಬರು ಮಹಿಳೆಯರು ಅನ್ನೋದು ಕಾಕತಾಳೀಯ ಅಂತ ನನಗೆ ಅನ್ಸಲ್ಲ.

ಶಾಲೆಯ ಕಡೆಯಿಂದಲೂ ಒಂದು ಬದಲಾವಣೆ ನಮ್ಮ ಜಿಲ್ಲೆಯಲ್ಲೇ ಶುರುವಾಯ್ತು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಮೇಷ್ಟ್ರುಗಳು ಋಷಿವ್ಯಾಲಿಯ ಪದ್ಧತಿ ನೋಡಿ ಬಂದು, ಯುನಿಸೆಫ್ ಸಹಾಯದಿಂದ ‘ನಲಿ ಕಲಿ’ ಆರಂಭಿಸಿದ್ರು. ನಿಮ್ಮಲ್ಲಿ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಕಲಿಕಾ ಏಣಿ, ಕಾರ್ಡುಗಳು ನೆನಪಿರುತ್ತೆ. ಪ್ರತಿ ಕಾರ್ಡಿಗೂ ಒಂದು ಚಿತ್ರದ ಗುರುತು. ಓದೋಕೆ ಇನ್ನೂ ಬಾರದ ಮಗು ಕೂಡ ತನ್ನ ಮುಂದಿನ ಕಾರ್ಡ್ ಯಾವುದು ಅಂತ ತಾನೇ ಹುಡುಕಿಕೊಳ್ಳಬೇಕು. ಗೋಡೆ ಮೇಲಿನ ಆ ಏಣಿಯೇ ಅವರ ಮೊದಲ ವಿನ್ಯಾಸ.

ಕೊನೇ ಫೋಟೋದಲ್ಲಿರೋದು ಸ್ಟಿಕ್ಕರ್ ರಂಗೋಲಿ. ಟೈಮ್ ಇಲ್ಲ, ಅಪಾರ್ಟ್‌ಮೆಂಟಲ್ಲಿ ಅಂಗಳ ಇಲ್ಲ, ಅರ್ಥ ಆಗುತ್ತೆ. ಆದ್ರೆ ಅದನ್ನ ಅಂಟಿಸೋ ಮಗುವಿಗೆ ಸಿಗೋದು ಚಿತ್ರ ಮಾತ್ರ, ನಿಯಮ ಸಿಗಲ್ಲ. ಮನೇಲಿ ತಂಗಿಯೋ ತಮ್ಮನೋ ಇದ್ರೆ ಈ ಭಾನುವಾರ ಒಂದು ಸೀಮೆಸುಣ್ಣ ಕೊಟ್ಟು ಕೂರಿಸಿ (ಹೌದು, ತಮ್ಮನೂ). ಐದರಿಂದ ಒಂದು, ಮಧ್ಯ ಚುಕ್ಕಿ. ಅರ್ಧ ನೀವು ಎಳೆದು ಬಿಡಿ. ಒಟ್ಟು ಚುಕ್ಕಿ ಎಷ್ಟು ಅಂತ ಎಣಿಸದೇ ಹೇಳಿದ್ರೆ ಕಮೆಂಟಲ್ಲಿ ತಿಳಿಸಿ.

ಮುಂದಿನ ಭಾಗ: ಅಳಿಗುಳಿ ಮಣೆ.