ಸಾಷ್ಟಿಯ ನೀರು, ಮುಂಬಯಿಯ ವೋಟು

ಕರ್ನಾಟಕದಲ್ಲಿ ವಿಧಾನಸಭೆಯ ಚುನಾವಣೆ ಘೋಷಣೆಯಾಯಿತೆಂದರೆ ಮುಂಬಯಿಯ ನಮ್ಮ ಮನೆಗಳಲ್ಲಿ ಮಾತಿಗೆ ಕೊರತೆಯಿಲ್ಲ. ಊರಿನ ಕ್ಷೇತ್ರದಲ್ಲಿ ಯಾರು ನಿಂತರು, ಯಾರಿಗೆ ಯಾರ ಬೆಂಬಲ, ಯಾರು ಗೆದ್ದಾರು ಎಂಬುದೇ ರಾತ್ರಿ ಊಟದ ಹೊತ್ತಿನ ವಿಷಯ. ದಿಲ್ಲಿಯ ಗದ್ದುಗೆಯ ಕುರಿತಂತೂ ಹೇಳಬೇಕಾದುದೇ ಇಲ್ಲ. ಆದರೆ ‘ನಿಮ್ಮ ವಾರ್ಡಿನಿಂದ ಪಾಲಿಕೆಗೆ ಆರಿಸಿ ಹೋದವರು ಯಾರು?’ ಎಂದು ಕೇಳಿ ನೋಡಿ. ಅನೇಕ ಮನೆಗಳಲ್ಲಿ ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ.

ಬೆಳಿಗ್ಗೆ ನಲ್ಲಿಗೆ ನೀರು ಬರುವುದು, ಗಲ್ಲಿಯ ಕಸ ಎತ್ತುವುದು, ಮಳೆಗಾಲಕ್ಕೆ ಮೊದಲು ನಾಲೆಗಳ ಹೂಳು ತೆಗೆಯುವುದು, ಮಗುವಿಗೆ ಪ್ರಾಥಮಿಕ ಶಾಲೆ ಒದಗಿಸುವುದು, ಇವುಗಳ ಹೊಣೆ ದಿಲ್ಲಿಯದಲ್ಲ, ಬೆಂಗಳೂರಿನದೂ ಅಲ್ಲ. ಬೋರಿಬಂದರ ನಿಲ್ದಾಣದ ಎದುರಿಗೆ 1893ರಲ್ಲಿ ಕಟ್ಟಿ ಮುಗಿಸಿದ ಆ ದೊಡ್ಡ ಕಲ್ಲಿನ ಕಟ್ಟಡದಲ್ಲಿ ಕೂಡುವ ಮಹಾನಗರಪಾಲಿಕೆಯದು. ಆ ಸಭೆಗೆ ಪ್ರತಿನಿಧಿಯನ್ನು ಕಳಿಸುವ ಹಕ್ಕು ಬಾಡಿಗೆದಾರನಿಗೆ, ವಲಸೆ ಬಂದವನಿಗೆ, ಉಪನಗರದಲ್ಲಿ ಇರುವವನಿಗೆ ಸುಲಭವಾಗಿ ದೊರೆತದ್ದಲ್ಲ. ಅದರ ಕಥೆಯನ್ನು ನಾವು ಒಮ್ಮೆ ನೆನಪಿಗೆ ತಂದುಕೊಳ್ಳುವುದು ಒಳ್ಳೆಯದು.

ಮೊದಲು ಭೂಗೋಳ. ಹಳೆಯ ಮುಂಬಯಿ ಶಹರವೆಂದರೆ ಕೊಲಾಬಾದಿಂದ ಮಾಹಿಮ್ ಮತ್ತು ಸಾಯನ್‌ವರೆಗಿನ ದ್ವೀಪ. ಅದರಾಚೆ ಖಾಡಿಯನ್ನು ದಾಟಿದರೆ ಸಾಷ್ಟಿ. ಇಂಗ್ಲಿಷರ ಬಾಯಲ್ಲಿ ಸಾಲ್ಸೆಟ್. ಭತ್ತದ ಗದ್ದೆ, ತೆಂಗಿನ ತೋಟ, ಕೋಳಿಗಳ ಕೇರಿ, ಉಪ್ಪಿನ ಆಗರಗಳ ನಾಡು ಅದು. ಪೋರ್ಚುಗೀಜರಿಂದ ಮರಾಠರ ಕೈಗೆ, ಅವರಿಂದ 1774ರಲ್ಲಿ ಇಂಗ್ಲಿಷರ ಕೈಗೆ ಬಂದಿತು. ಮಾಹಿಮ್‌ನಿಂದ ಬಾಂದ್ರಾಕ್ಕೆ ದೋಣಿಯಲ್ಲಿ ದಾಟಬೇಕಾಗಿದ್ದ ಕಾಲದಲ್ಲಿ ಸರ್ ಜಮ್ಶೇಟ್‌ಜಿ ಜೀಜಿಭಾಯಿಯವರ ಪತ್ನಿ ಆವಾಬಾಯಿಯವರು ಒಂದು ಲಕ್ಷ 57 ಸಾವಿರ ರೂಪಾಯಿ ದಾನವಿತ್ತರು. 1845ರಲ್ಲಿ ಮಾಹಿಮ್‌ನ ಸೇತುಮಾರ್ಗ ತೆರೆಯಿತು. 1853ರ ಏಪ್ರಿಲ್ 16ರಂದು ಠಾಣೆಗೆ ರೈಲು ಓಡಿತು. ಹೀಗೆ ಉಪನಗರದ ಬಾಗಿಲು ತೆರೆದದ್ದು ದಾನದಿಂದ ಮತ್ತು ರೈಲಿನಿಂದ.

ಬಾಗಿಲು ತೆರೆದ ಮೇಲೆ ಸಾಷ್ಟಿಯಿಂದ ಶಹರಕ್ಕೆ ಮೊದಲು ಹೋದದ್ದು ನೀರು. ಬಾವಿ ಮತ್ತು ಕೆರೆಗಳು ಸಾಲದೆ ಹೋದಾಗ ಸಾಷ್ಟಿಯ ಗುಡ್ಡಗಳ ನಡುವೆ ವಿಹಾರ್ ಸರೋವರವನ್ನು ಕಟ್ಟಿ 1860ರಲ್ಲಿ ಶಹರಕ್ಕೆ ಕೊಳವೆಯ ನೀರು ತಂದರು. 1879ರಲ್ಲಿ ತುಳಸಿ ಸರೋವರ ಬಂದಿತು. ಕೆರೆಗಳು ಸಾಷ್ಟಿಯಲ್ಲಿ, ನಲ್ಲಿಗಳು ದ್ವೀಪದಲ್ಲಿ. ಪ್ರತಿಯಾಗಿ ಶಹರದಿಂದ ಸಾಷ್ಟಿಗೆ ಬಂದದ್ದೇನು? 1927ರಿಂದ ಶಹರದ ಕಸವನ್ನು ದೇವನಾರದ ಜವುಗು ನೆಲದಲ್ಲಿ ಸುರಿಯತೊಡಗಿದರು. ಆ ಹೊತ್ತಿಗೆ ದೇವನಾರದ ಜನರಿಗೆ ಮುಂಬಯಿಯ ಪಾಲಿಕೆಯಲ್ಲಿ ಒಂದು ವೋಟೂ ಇರಲಿಲ್ಲ. ಅದು ಶಹರದ ಎಲ್ಲೆಯ ಹೊರಗಿನ ಊರು. ನಿರ್ಧಾರ ಮಾಡುವ ಮನೆಯೊಳಗೆ ಕುರ್ಚಿಯಿಲ್ಲದವನ ಹಿತ್ತಿಲಿಗೆ ಕಸ ಬೀಳುವುದು ಲೋಕದ ರೂಢಿ.

ಹಾಗಾದರೆ ಶಹರದೊಳಗೆ ಇದ್ದವರಿಗೆಲ್ಲ ಕುರ್ಚಿ ಇತ್ತೆ? ಅದೂ ಇಲ್ಲ. 1865ರ ಕಾನೂನಿನಂತೆ ಪೌರಾಡಳಿತದ ಅಧಿಕಾರವೆಲ್ಲ ಸರಕಾರ ನೇಮಿಸಿದ ಕಮಿಷನರರ ಕೈಯಲ್ಲಿತ್ತು. ಆರ್ಥರ್ ಕ್ರಾಫರ್ಡ್ ಎಂಬ ಮೊದಲ ಕಮಿಷನರರು ಕೆಲಸಗಾರರೇ ಸರಿ, ಮಾರುಕಟ್ಟೆ ಕಟ್ಟಿಸಿದರು, ಗಟಾರ ತೋಡಿಸಿದರು; ಆದರೆ ಖರ್ಚಿಗೆ ಲಗಾಮಿರಲಿಲ್ಲ. ತೆರಿಗೆ ಕೊಡುವವರು 1871ರಲ್ಲಿ ಗುಲ್ಲೆಬ್ಬಿಸಿದರು. ಆಗ ತರುಣ ಬ್ಯಾರಿಸ್ಟರರಾಗಿದ್ದ ಫಿರೋಜ್‌ಶಹಾ ಮೆಹತಾ ಎದ್ದು ನಿಂತು, ದೋಷವಿರುವುದು ಒಬ್ಬ ಅಧಿಕಾರಿಯಲ್ಲಲ್ಲ, ಜನರಿಗೆ ಜವಾಬುದಾರಿಯಿಲ್ಲದ ವ್ಯವಸ್ಥೆಯಲ್ಲಿ ಎಂದು ವಾದಿಸಿದರು. 1872ರ ಕಾನೂನಿನಿಂದ 64 ಸದಸ್ಯರ ಕಾರ್ಪೋರೇಶನ್ ಆಯಿತು. ಅದರಲ್ಲಿ ಅರ್ಧ, ಅಂದರೆ 32 ಮಂದಿ, ತೆರಿಗೆದಾರರಿಂದ ಚುನಾಯಿತರು. 1888ರ ಕಾನೂನು ಅದನ್ನು 72ಕ್ಕೆ ಏರಿಸಿತು. ಇಂದಿಗೂ ಮುಂಬಯಿಯ ಆಡಳಿತ ನಡೆಯುವುದು ಅನೇಕ ತಿದ್ದುಪಡಿ ಕಂಡ ಆ 1888ರ ಕಾನೂನಿನ ಮೇಲೆಯೇ.

ಆದರೆ ತೆರಿಗೆದಾರನೆಂದರೆ ಯಾರು? ಮನೆಯ ಒಡೆಯ. ಚಾಳಿನ ಖೋಲಿಯಲ್ಲಿ ಬಾಡಿಗೆಗಿದ್ದ ಗಿರಣಿ ಕೆಲಸಗಾರ ಅಲ್ಲ. ಅರ್ಧ ಶತಮಾನ ಇದೇ ನಡೆಯಿತು. 1922ರಲ್ಲಿ ಮೊದಲ ಬಾರಿಗೆ ಬಾಡಿಗೆದಾರನಿಗೆ ವೋಟು ಬಂದಿತು, ಅದೂ ತಿಂಗಳಿಗೆ ಕನಿಷ್ಠ 10 ರೂಪಾಯಿ ಬಾಡಿಗೆ ಕೊಡುವವನಿಗೆ. ಆ ಕಾಲಕ್ಕೆ ಗಿರಣಿ ಕೇರಿಯ ಒಂಟಿ ಖೋಲಿಯ ಬಾಡಿಗೆ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಅಂದರೆ ಬಡವನ ಬಡತನವೇ ಅವನ ವೋಟಿಗೆ ಅಡ್ಡಿಯಾಯಿತು. ಇನ್ನು ದಕ್ಷಿಣ ಕನ್ನಡದಿಂದ ಹಡಗು ಹತ್ತಿ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಅದೇ ಹೋಟೆಲಿನ ಬೆಂಚುಗಳ ಮೇಲೆ ಮಲಗುತ್ತಿದ್ದ ಹುಡುಗನಿಗೆ ಬಾಡಿಗೆ ಚೀಟಿ ಎಲ್ಲಿಂದ ಬರಬೇಕು? ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ವಯಸ್ಕ ಮತದಾನದ ಮೇಲೆ ಪಾಲಿಕೆಯ ಚುನಾವಣೆ ನಡೆದಾಗ ಆಸ್ತಿ, ಬಾಡಿಗೆಗಳ ಮಾತು ಹೋಯಿತು. ಮಹಲಿನವನಿಗೂ ಖೋಲಿಯವನಿಗೂ ಒಂದೊಂದೇ ವೋಟು.

ಉಪನಗರಗಳ ಸರದಿ ಇನ್ನೂ ಬಾಕಿಯಿತ್ತು. 1920ರಲ್ಲಿ ಠಾಣಾ ಜಿಲ್ಲೆಯಿಂದ ದಕ್ಷಿಣ ಸಾಷ್ಟಿಯನ್ನು ಬೇರ್ಪಡಿಸಿ ಮುಂಬಯಿ ಉಪನಗರ ಜಿಲ್ಲೆ ಎಂದು ಮಾಡಿದ್ದರು. ಬಾಂದ್ರಾ, ಕುರ್ಲಾ, ಘಾಟ್ಕೋಪರ, ಪಾರ್ಲೆ-ಅಂಧೇರಿಗಳಲ್ಲಿ ಪ್ರತ್ಯೇಕ ಪುರಸಭೆಗಳಿದ್ದವು. ಇಲ್ಲಿ ನಮಗೊಂದು ಸ್ವಾರಸ್ಯವುಂಟು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಆಗ ಮುಂಬಯಿ ಪ್ರಾಂತ್ಯದಲ್ಲೇ ಇದ್ದುವಾದ್ದರಿಂದ, ಹುಬ್ಬಳ್ಳಿಯ ಪುರಸಭೆಗೂ ಬಾಂದ್ರಾದ ಪುರಸಭೆಗೂ ಕಾನೂನು ಮಾಡುತ್ತಿದ್ದುದು ಒಂದೇ ಶಾಸನಸಭೆ. ಧಾರವಾಡದಿಂದ ಬಂದು ಅಂಧೇರಿಯಲ್ಲಿ ಮನೆ ಮಾಡಿದ ಗುಮಾಸ್ತನು 1956ರ ನವೆಂಬರ್ 1ರವರೆಗೆ ಪರರಾಜ್ಯದವನಲ್ಲ. ಅವನದೇ ರಾಜ್ಯದ ರಾಜಧಾನಿಯ ಪಕ್ಕದಲ್ಲಿದ್ದವನು.

1950ರ ಏಪ್ರಿಲ್ 15ರಂದು ಪಶ್ಚಿಮದಲ್ಲಿ ಜೋಗೇಶ್ವರಿ, ಪೂರ್ವದಲ್ಲಿ ಭಾಂಡುಪದವರೆಗೆ ಪಾಲಿಕೆಯ ಎಲ್ಲೆ ಹಿಗ್ಗಿತು. 1957ರ ಫೆಬ್ರವರಿ 1ರಂದು ದಹಿಸರ ಮತ್ತು ಮುಲುಂಡದವರೆಗೆ ಮತ್ತೆ ಹಿಗ್ಗಿತು. ಇದೇ ಬೃಹನ್ಮುಂಬಯಿ. ಸಣ್ಣ ಪುರಸಭೆಗಳು ಕರಗಿಹೋದವು. ಮನೆಯ ಹತ್ತಿರದ ಕಚೇರಿ ಹೋಗಿ ದೂರದ ಕಚೇರಿ ಬಂದಿತೆಂಬ ಕೊರಗು ಕೆಲವರಿಗಿತ್ತು, ಅದರಲ್ಲಿ ಸತ್ಯವೂ ಇತ್ತು. ಆದರೆ ಲಾಭ ಸಣ್ಣದಲ್ಲ. ವಿಹಾರದ ನೀರು ಯಾರಿಗೆಷ್ಟು, ದೇವನಾರದ ಕಸ ಏನಾಗಬೇಕು ಎಂಬುದನ್ನು ನಿರ್ಧರಿಸುವ ಸಭೆಯಲ್ಲಿ ಉಪನಗರಕ್ಕೆ ಕೊನೆಗೂ ಕುರ್ಚಿ ಬಂದಿತು.

ನಮ್ಮವರು ಆ ಕುರ್ಚಿಯಲ್ಲಿ ಕುಳಿತದ್ದೂ ಉಂಟು. 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಕೆಲಸ ಹುಡುಕಿಕೊಂಡು ಮುಂಬಯಿಗೆ ಬಂದು, ಹೋಟೆಲು ಕಾರ್ಮಿಕರನ್ನೂ ಬಂದರು ಕಾರ್ಮಿಕರನ್ನೂ ಸಂಘಟಿಸಿದ ಜಾರ್ಜ್ ಫರ್ನಾಂಡಿಸರು 1961ರಲ್ಲಿ ಮುಂಬಯಿ ಪಾಲಿಕೆಗೆ ಆರಿಸಿ ಬಂದರು. ದುಡಿಯುವವರ ಪ್ರಶ್ನೆಗಳನ್ನು ಸಭೆಯಲ್ಲಿ ಎತ್ತಿದರು. 1967ರಲ್ಲಿ ಮೂರು ಸಲ ಮೇಯರರಾಗಿದ್ದ ಸ. ಕಾ. ಪಾಟೀಲರನ್ನು ಲೋಕಸಭೆಯ ಚುನಾವಣೆಯಲ್ಲಿ ಸೋಲಿಸಿ ದೇಶವನ್ನೇ ಬೆರಗಾಗಿಸಿದರು. ಅವರ ರಾಜಕೀಯವನ್ನು ಒಪ್ಪುವವರಿರಬಹುದು, ಒಪ್ಪದವರಿರಬಹುದು. ಆದರೆ ದಿಲ್ಲಿಯ ದಾರಿ ವಾರ್ಡಿನಿಂದಲೂ ಹೋಗುತ್ತದೆಂಬುದನ್ನು ಅವರು ತೋರಿಸಿಕೊಟ್ಟರು.

ಅದೇ ದಶಕದಲ್ಲಿ ಬೇರೊಂದು ಗಾಳಿಯೂ ಬೀಸಿತು. 1966ರ ಜೂನ್ 19ರಂದು ಸ್ಥಾಪನೆಯಾದ ಶಿವಸೇನೆ ಆಗ ದಕ್ಷಿಣದವರ ವಿರುದ್ಧ ದನಿಯೆತ್ತಿತ್ತು. 1968ರ ಪಾಲಿಕೆ ಚುನಾವಣೆಯಲ್ಲಿ 140ರಲ್ಲಿ 42 ಸ್ಥಾನಗಳನ್ನು ಗೆದ್ದಿತು. 1969ರ ಫೆಬ್ರವರಿಯಲ್ಲಿ ಬೆಳಗಾವಿ ಗಡಿಯ ವಿಷಯವಾಗಿ ಗಲಭೆಯಾದಾಗ ಕನ್ನಡಿಗರ ಅನೇಕ ಅಂಗಡಿ, ಹೋಟೆಲುಗಳು ಕಲ್ಲೇಟು ತಿಂದವು. ಹಿರಿಯರು ಇದನ್ನು ಮರೆತಿಲ್ಲ. ಆದರೆ ಆ ಕಾಲವನ್ನು ನೆನೆದು ‘ಇಲ್ಲಿಯ ರಾಜಕೀಯ ನಮಗೇಕೆ, ತಲೆ ತಗ್ಗಿಸಿ ದುಡಿಯೋಣ’ ಎಂಬುದು ಸರಿಯಾದ ಪಾಠವಲ್ಲ. ಮರಾಠಿ ಮನೆಯವನಿಗೂ ಕನ್ನಡದ ಮನೆಯವನಿಗೂ ನಲ್ಲಿ ಒಂದೇ, ನಾಲೆ ಒಂದೇ. ನೆರೆಯವನ ಭಾಷೆಯನ್ನು ಕಲಿತು, ಅವನೊಡನೆ ಅದೇ ಸಾಲಿನಲ್ಲಿ ನಿಂತು ವೋಟು ಹಾಕುವವನನ್ನು ಹೊರಗಿನವನೆಂದು ಕರೆಯುವುದು ಕಷ್ಟ.

ಈಗ ತೂಕ ಎಲ್ಲಿಗೆ ಬಂದಿದೆ ನೋಡಿ. 1990ರಲ್ಲಿ ಬೃಹನ್ಮುಂಬಯಿಯನ್ನು ಎರಡು ಕಂದಾಯ ಜಿಲ್ಲೆಗಳಾಗಿ ವಿಭಜಿಸಿದರು. ಉಪನಗರ ಜಿಲ್ಲೆ ಮತ್ತೆ ಹುಟ್ಟಿತು, ಪಾಲಿಕೆ ಮಾತ್ರ ಒಂದೇ ಉಳಿಯಿತು. 2001ರಿಂದ 2011ರ ನಡುವೆ ಶಹರ ಜಿಲ್ಲೆಯ ಜನಸಂಖ್ಯೆ 33 ಲಕ್ಷದಿಂದ 31 ಲಕ್ಷದ ಸಮೀಪಕ್ಕೆ ಇಳಿಯಿತು. ಉಪನಗರ ಜಿಲ್ಲೆಯದು 86 ಲಕ್ಷದಿಂದ 93 ಲಕ್ಷವನ್ನು ದಾಟಿತು. 2017ರ ಚುನಾವಣೆಯಲ್ಲಿ ಪಾಲಿಕೆಯ 227 ಸ್ಥಾನಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಉಪನಗರದವು. ಒಂದು ಕಾಲಕ್ಕೆ ಒಂದು ವೋಟೂ ಇಲ್ಲದಿದ್ದ ಸಾಷ್ಟಿ ಇಂದು ಮುಂಬಯಿಯ ಮೇಯರರನ್ನು ನಿರ್ಣಯಿಸುತ್ತದೆ. ಆದರೂ ಮತದಾನದ ಪ್ರಮಾಣ 2012ರಲ್ಲಿ ನೂರಕ್ಕೆ ಐವತ್ತನ್ನೂ ಮುಟ್ಟಲಿಲ್ಲ. 2017ರಲ್ಲಿ ಸುಮಾರು 55.

ಪಾಲಿಕೆಯ ಸದಸ್ಯ ಸರ್ವಶಕ್ತನೇನೂ ಅಲ್ಲ. ಕಾರ್ಯಾಂಗದ ಅಧಿಕಾರ ಇಂದಿಗೂ ರಾಜ್ಯ ಸರಕಾರ ನೇಮಿಸುವ ಕಮಿಷನರರದು. ಮೇಯರರ ಸ್ಥಾನ ಹೆಚ್ಚಾಗಿ ಗೌರವದ್ದು. ಆದರೆ ಬಜೆಟ್ಟಿಗೆ ಒಪ್ಪಿಗೆ ಕೊಡುವುದು ಸಭೆ, ದೊಡ್ಡ ಗುತ್ತಿಗೆಗಳನ್ನು ಪರಿಶೀಲಿಸುವುದು ಸ್ಥಾಯೀ ಸಮಿತಿ. ಅಲ್ಲಿ ಕೇಳುವವರಿಲ್ಲದಿದ್ದರೆ ಏನಾಗುತ್ತದೆಂಬುದು ನಮ್ಮ ಕಣ್ಣೆದುರಿಗೇ ನಡೆಯಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯಂತೆ ಐದು ವರ್ಷ ಮುಗಿಯುವುದರೊಳಗೆ ಚುನಾವಣೆ ನಡೆಯತಕ್ಕದ್ದು. ಆದರೂ 2022ರ ಮಾರ್ಚಿಯಲ್ಲಿ ಅವಧಿ ಮುಗಿದ ಮೇಲೆ, ಮೀಸಲಾತಿ ಮತ್ತು ವಾರ್ಡು ವಿಂಗಡಣೆಯ ವ್ಯಾಜ್ಯಗಳ ನಡುವೆ, 2026ರ ಜನವರಿಯಲ್ಲಿ ಮತದಾನ ನಡೆಯುವವರೆಗೂ ದೇಶದ ಅತಿ ಶ್ರೀಮಂತ ಪಾಲಿಕೆ ಆಡಳಿತಾಧಿಕಾರಿಯ ಕೈಯಲ್ಲಿತ್ತು. ಫಿರೋಜ್‌ಶಹಾ 1871ರಲ್ಲಿ ಎತ್ತಿದ ಪ್ರಶ್ನೆ ಹಳೆಯದಾಗಿಲ್ಲ.

ಎರಡು ವಿಷಯಗಳು ನಮ್ಮನ್ನು ನೇರವಾಗಿ ಮುಟ್ಟುತ್ತವೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಿತು. ಅದೇ ವಿಹಾರ್ ಸರೋವರದ ತುಂಬಿ ಹರಿದ ನೀರಿನಿಂದ ಹುಟ್ಟುವ ಮಿಠಿ ನದಿ ಕುರ್ಲಾ, ಕಾಲೀನಾಗಳ ಮನೆಗಳಿಗೆ ನುಗ್ಗಿತು. ನದಿಯನ್ನು ಕಸ ತುಂಬಿ, ಒತ್ತುವರಿ ಮಾಡಿ ಕಿರಿದುಗೊಳಿಸಿದ್ದರ ಫಲ ಅದು. ಎರಡನೆಯದು ಶಾಲೆ. ಪ್ರಾಥಮಿಕ ಶಿಕ್ಷಣ ಪಾಲಿಕೆಯ ಕರ್ತವ್ಯ. ಮುಂಬಯಿ ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸಿದೆ, ಅವುಗಳಲ್ಲಿ ಕನ್ನಡವೂ ಒಂದು. ಪರರಾಜ್ಯದ ರಾಜಧಾನಿಯೊಂದು ತನ್ನ ಖರ್ಚಿನಲ್ಲಿ ನಮ್ಮ ಮಕ್ಕಳಿಗೆ ಅ ಆ ಇ ಈ ಕಲಿಸುವುದು ಸಣ್ಣ ಸಂಗತಿಯೇ? ಆ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತ ಬಂದಿದ್ದಾರೆ. ಒಂದು ಶಾಲೆಯನ್ನು ಮುಚ್ಚುವ, ಇನ್ನೊಂದರಲ್ಲಿ ಸೇರಿಸುವ ಮಾತು ಬಂದಾಗ ಸಭೆಯಲ್ಲಿ ಎದ್ದು ಕೇಳುವ ಸದಸ್ಯನೊಬ್ಬ ಬೇಕು. ಅವನು ಎದ್ದು ನಿಲ್ಲಬೇಕಾದರೆ ಅವನ ವಾರ್ಡಿನ ಮತದಾರರ ಪಟ್ಟಿಯಲ್ಲಿ ನಮ್ಮ ಹೆಸರಿರಬೇಕು.

ಇಲ್ಲಿಯೇ ತೊಡಕು. ‘ನಮ್ಮ ಹೆಸರು ಊರಿನ ಪಟ್ಟಿಯಲ್ಲಿದೆ’ ಎಂಬುದು ನಮ್ಮಲ್ಲಿ ಹಲವರ ಉತ್ತರ. ಊರಿನ ಮಮತೆ ದೊಡ್ಡದು, ಅದನ್ನು ಯಾರೂ ಹಳಿಯಬೇಕಾಗಿಲ್ಲ. ಆದರೆ 1950ರ ಪ್ರಜಾ ಪ್ರಾತಿನಿಧ್ಯ ಕಾನೂನು ಸ್ಪಷ್ಟವಾಗಿದೆ. ಒಬ್ಬನ ಹೆಸರು ಒಂದೇ ಕ್ಷೇತ್ರದಲ್ಲಿರಬೇಕು, ಅವನು ಸಾಮಾನ್ಯವಾಗಿ ವಾಸಿಸುವ ಕ್ಷೇತ್ರದಲ್ಲಿ. ಊರಿನಲ್ಲಿ ಸ್ವಂತ ಮನೆಯಿದೆಯೆಂಬ ಒಂದೇ ಕಾರಣಕ್ಕೆ ಅಲ್ಲಿಯ ನಿವಾಸಿಯಾಗುವುದಿಲ್ಲ. ವಾಸ ಬಾಡಿಗೆ ಮನೆಯಲ್ಲಾದರೂ ಅದು ವಾಸವೇ. ಪಾಲಿಕೆಯ ಮತದಾರರ ಪಟ್ಟಿ ತಯಾರಾಗುವುದು ವಿಧಾನಸಭೆಯ ಪಟ್ಟಿಯಿಂದಲೇ. ಆದ್ದರಿಂದ ಊರಿನಲ್ಲಿ ಹೆಸರಿಟ್ಟವನಿಗೆ ಇಲ್ಲಿಯ ವಾರ್ಡಿನಲ್ಲಿ ವೋಟಿಲ್ಲ. ಊರಿನಿಂದ ಇಲ್ಲಿಗೆ ಹೆಸರು ಬದಲಾಯಿಸಲು 8ನೆಯ ನಮೂನೆ, ಹದಿನೆಂಟು ತುಂಬಿದ ಮಕ್ಕಳ ಹೆಸರು ಹೊಸದಾಗಿ ಸೇರಿಸಲು 6ನೆಯ ನಮೂನೆ. ಮಹಾರಾಷ್ಟ್ರದಲ್ಲಿ 2011ರಿಂದ ಪೌರಸಂಸ್ಥೆಗಳ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ನಲ್ಲಿಯ ಹೊತ್ತನ್ನು, ಶಾಲೆಯ ಕಷ್ಟವನ್ನು ಯಾರಿಗಿಂತ ಹೆಚ್ಚು ಬಲ್ಲ ನಮ್ಮ ಹೆಣ್ಣುಮಕ್ಕಳು ವೋಟು ಹಾಕುವುದಷ್ಟೇ ಏಕೆ, ನಿಲ್ಲುವುದನ್ನೂ ಯೋಚಿಸಬಹುದು.

ಮುಂಬಯಿಯ ಕನ್ನಡಿಗರು 1926ರಲ್ಲಿ ಮೈಸೂರು ಅಸೋಸಿಯೇಷನ್ನನ್ನೂ 1933ರಲ್ಲಿ ಕರ್ನಾಟಕ ಸಂಘವನ್ನೂ ಕಟ್ಟಿದಾಗ, ಅವರಲ್ಲಿದ್ದ ಬಡ ಬಾಡಿಗೆದಾರನಿಗೆ ಈ ಶಹರದ ಸಭೆಯಲ್ಲಿ ಮಾತಿರಲಿಲ್ಲ. ಯಾರು ಯಾರೋ ಹೋರಾಡಿ ಗಳಿಸಿದ ಹಕ್ಕು ಮನೆಬಾಗಿಲಿಗೆ ಬಂದು ನಿಂತಿದೆ. ಊರು ನಮ್ಮನ್ನು ಬೆಳೆಸಿತು, ಈ ಉಪನಗರ ನಮಗೆ ಅನ್ನವಿಟ್ಟಿತು. ಊರಿಗೆ ಕೊಡಬೇಕಾದ ಪ್ರೀತಿಯನ್ನು ಕೊಡೋಣ, ಅನ್ನದ ಋಣಕ್ಕೆ ವೋಟನ್ನು ಕೊಡೋಣ.