ಹಡಗಿನ ಲೆಕ್ಕ ಉಳಿದ ಕಥೆ



ಬೆಳ್ಳಿಹಬ್ಬದ ಸಂಚಿಕೆಗೆ ಲೇಖನ ಕೊಡಿ ಎಂದು ಕಾರ್ಯದರ್ಶಿಗಳು ಕೇಳಿದಾಗ ನನಗೆ ನೆನಪಾದದ್ದು ನಮ್ಮ ಹಳೇ ಸಾಲದ ಲೆಡ್ಜರು. ಒಂದು ಮಳೆಗಾಲದಲ್ಲಿ ಹೆಂಚು ಸೋರಿ ಅದರ ಅರ್ಧ ಹಾಳೆ ಅಂಟಿಕೊಂಡವು. ಸದಸ್ಯರ ಮನೆಗಳಿಂದ ಪಾಸ್ ಪುಸ್ತಕ ತರಿಸಿ ಮತ್ತೆ ಬರೆದೆವು. ಇಂಥದ್ದೇ ಗತಿ ದೊಡ್ಡ ಹಡಗು ಕಂಪನಿಗೂ ಬಂದಿತ್ತು.

ಹಡಗಿನಲ್ಲಿ ಹೋಗುವ ಪ್ರತಿ ಕಂಟೈನರ್ ಪೆಟ್ಟಿಗೆಗೂ ನಾಲ್ಕು ಅಕ್ಷರ, ಏಳು ಅಂಕಿಯ ಗುರುತು ಇರುತ್ತದೆ. ಮಂಗಳೂರಿನಿಂದ ನಮ್ಮ ಕಾಫಿ ಹೋಗುವುದೂ ಇಂಥ ಪೆಟ್ಟಿಗೆಯಲ್ಲೇ. ಅದು ಎಲ್ಲಿ ಏರಿತು, ಎಲ್ಲಿ ಇಳಿಯಿತು, ಸರಕು ಯಾರದು ಎಂಬುದೆಲ್ಲ ಗಣಕಯಂತ್ರದ ಬೇರೆ ಬೇರೆ ಕೋಷ್ಟಕಗಳಲ್ಲಿ ಸೇರುತ್ತದೆ. ಕೋಷ್ಟಕಗಳನ್ನು ಒಂದು ಗುರುತಿನಿಂದ ಜೋಡಿಸುವ ಈ ಪದ್ಧತಿಯನ್ನು 1970ರಲ್ಲಿ ಐ.ಬಿ.ಎಂ.ನ ಎಡ್ಗರ್ ಕಾಡ್ ಪ್ರಕಟಿಸಿದರು. ರಿಲೇಷನಲ್ ಡೇಟಾಬೇಸ್ ಅಂತಾರೆ. ಸದಸ್ಯತ್ವದ ನಂಬರು ಹಿಡಿದು ನಾವು ಷೇರು, ಸಾಲ, ಗೊಬ್ಬರದ ಪುಸ್ತಕ ಮೂರನ್ನೂ ನೋಡ್ತೀವಲ್ಲ, ಹಾಗೇ.

2017ರ ಜೂನ್ 27ರಂದು ನಾಟ್‌ಪೆಟ್ಯ ಎಂಬ ವೈರಸ್ ಉಕ್ರೇನಿನ ಲೆಕ್ಕಪತ್ರದ ಒಂದು ತಂತ್ರಾಂಶದ ಮೂಲಕ ಹರಡಿ ಡೆನ್ಮಾರ್ಕಿನ ಮೇರ್ಸ್ಕ್ ಕಂಪನಿಗೆ ನುಗ್ಗಿತು. ಗಣಕಯಂತ್ರಗಳು ಕಪ್ಪಾದವು, ಬಂದರುಗಳ ಮುಂದೆ ಲಾರಿಗಳು ಸಾಲುಗಟ್ಟಿದವು. ಮುಂಬಯಿ ಬಳಿಯ ಜವಾಹರಲಾಲ್ ನೆಹರು ಬಂದರಿನ ಒಂದು ಟರ್ಮಿನಲ್ಲಿನ ಕೆಲಸವೂ ನಿಂತಿತು. ಪೆಟ್ಟಿಗೆಗಳು ಎದುರಿಗೇ ಇವೆ, ಒಳಗೆ ಯಾರ ಸರಕಿದೆ ಅಂತ ಹೇಳುವವರಿಲ್ಲ!

ಸರಕಿನ ಲೆಕ್ಕಕ್ಕೆ ಕೆಲವು ದಿನ ಹಳೆಯ ನಕಲುಗಳು ಇದ್ದವು. ಸಿಗದೆ ಹೋದದ್ದು ಬೇರೆ. ಯಾರಿಗೆ ಯಾವ ಯಂತ್ರ ತೆರೆಯುವ ಅಧಿಕಾರ ಎಂಬ ಮೂಲ ಪಟ್ಟಿ, ಅದನ್ನಿಡುವ ಡೊಮೈನ್ ಕಂಟ್ರೋಲರ್ ಯಂತ್ರಗಳು. ಇವು ಸುಮಾರು 150 ಇದ್ದು ಒಂದನ್ನೊಂದು ನಕಲು ಮಾಡಿಕೊಳ್ಳುತ್ತಿದ್ದವು. ಅಷ್ಟು ನಕಲಿದೆಯಲ್ಲ ಎಂದು ಬೇರೆ ಪ್ರತಿ ತೆಗೆದಿಡಲಿಲ್ಲ. ಎಲ್ಲವೂ ಒಂದೇ ಜಾಲದಲ್ಲಿದ್ದುದರಿಂದ ಒಟ್ಟಿಗೇ ಅಳಿಸಿಹೋದವು.

ಉಳಿದದ್ದು ಆಫ್ರಿಕಾದ ಘಾನಾ ಕಚೇರಿಯ ಒಂದು ಯಂತ್ರ. ದಾಳಿಗೆ ಮೊದಲೇ ಅಲ್ಲಿ ಕರೆಂಟು ಹೋಗಿ ಅದು ಜಾಲದಿಂದ ಹೊರಗಿತ್ತು. ಕರೆಂಟು ಹೋದದ್ದಕ್ಕೆ ಸಂತೋಷಪಟ್ಟವರು ಅವರೊಬ್ಬರೇ ಇರಬೇಕು. ಅಂತರಜಾಲದಲ್ಲಿ ಕಳಿಸಲು ದಿನಗಟ್ಟಲೆ ಬೇಕು. ಘಾನಾದವರ ಬಳಿ ಇಂಗ್ಲೆಂಡಿನ ವೀಸಾ ಇರಲಿಲ್ಲ. ಹಾರ್ಡ್ ಡಿಸ್ಕನ್ನು ನೈಜೀರಿಯಾದ ವಿಮಾನ ನಿಲ್ದಾಣದವರೆಗೆ ಒಬ್ಬರು ಒಯ್ದು ಇನ್ನೊಬ್ಬರ ಕೈಗೆ ಕೊಟ್ಟರು, ಅವರು ಲಂಡನ್ನಿಗೆ ಮುಟ್ಟಿಸಿದರು. ಹತ್ತು ದಿನಗಳಲ್ಲಿ 4,000 ಸರ್ವರ್, 45,000 ಗಣಕಯಂತ್ರಗಳನ್ನು ಹೊಸದಾಗಿ ಸಿದ್ಧಪಡಿಸಿದೆವೆಂದು ಕಂಪನಿಯ ಅಧ್ಯಕ್ಷರು 2018ರಲ್ಲಿ ಹೇಳಿದರು. ನಷ್ಟ 25ರಿಂದ 30 ಕೋಟಿ ಡಾಲರ್.

ನಮ್ಮ ಸಂಘದ ಗಣಕಯಂತ್ರದ ಲೆಕ್ಕಕ್ಕೂ ನಕಲಿದೆ. ಅದೇ ಕೋಣೆಯ ಬೀರುವಿನಲ್ಲಿ, ಅದೇ ಹೆಂಚಿನ ಕೆಳಗೆ. ಮುಂದಿನ ಆಡಳಿತ ಮಂಡಳಿ ಸಭೆಗೆ ಇದನ್ನು ವಿಷಯವಾಗಿ ಬರೆದುಕೊಟ್ಟಿದ್ದೇನೆ.